ಬಂದರಿಗೆ ಪದವಿ, ಜನರಿಗೆ ಪದವು

ಬೇಸಗೆ ಬಂತೆಂದರೆ ಪಣಂಬೂರಿನ ಹೆಸರು ಪೇಪರಿನಲ್ಲಿ ಬರುತ್ತದೆ. ಮಂಗಳೂರಿನ ಸೆಕೆ ಎಷ್ಟೆಂದು ಹೇಳಲು ಹವಾಮಾನ ಇಲಾಖೆ ಎರಡು ಕಡೆ ಅಳೆಯುತ್ತದೆ: ಒಂದು ಬಜಪೆಯ ವಿಮಾನ ನಿಲ್ದಾಣ, ಇನ್ನೊಂದು ಪಣಂಬೂರು. ಬಜಪೆ ಗುಡ್ಡೆಯ ನೆತ್ತಿ, ಪಣಂಬೂರು ಕಡಲಿನ ಹೊಸ್ತಿಲು. ಈ ಊರಿನ ಕಳೆದ ಅರುವತ್ತು ವರ್ಷಗಳ ಚರಿತ್ರೆಯೂ ಹೆಚ್ಚುಕಡಿಮೆ ಈ ನೆತ್ತಿ ಮತ್ತು ಹೊಸ್ತಿಲುಗಳ ನಡುವೆಯೇ ನಡೆದದ್ದು. ಕೆಳಗಿದ್ದವರು ಮೇಲೆ ಹೋದರು, ಮೇಲಿದ್ದದ್ದು ಕೆಳಗೆ ಬಂತು.

ಊರು ನೋಡೋಣವೆಂದು ಪಣಂಬೂರಿನಲ್ಲಿ ಬಸ್ಸಿಳಿದರೆ ಊರು ಕಾಣುವುದಿಲ್ಲ. ಹೆದ್ದಾರಿ ಕಾಣುತ್ತದೆ, ಬಂದರಿನ ಗೇಟು ಕಾಣುತ್ತದೆ, ಗೇಟಿನ ಮುಂದೆ ಸಾಲುಗಟ್ಟಿದ ಟ್ಯಾಂಕರುಗಳು, ಆಚೆ ಗೊಬ್ಬರದ ಕಾರ್ಖಾನೆಯ ಕೊಳವೆಗಳು. ಆದಿತ್ಯವಾರವಾದರೆ ಬೀಚಿಗೆ ಹೋಗುವ ಕಾರುಗಳು. ಪಣಂಬೂರು ಎಂದರೆ ಈಗಿನವರಿಗೆ ಬೀಚು, ಗಾಳಿಪಟ ಉತ್ಸವ, ಚುರುಮುರಿ. ನಂದನೇಶ್ವರ ದೇವಸ್ಥಾನದ ಹೆಸರು ಹೇಳಿದರೆ ಮಾತ್ರ ಹಳಬರು ತಲೆಯೆತ್ತಿ, ‘ಹಾಂ, ಊರಿನ ಮಾತು ಕೇಳುತ್ತಿದ್ದಾನೆ’ ಎಂಬಂತೆ ನೋಡುತ್ತಾರೆ. ಗದ್ದೆ ಎಲ್ಲಿತ್ತು ಎಂದು ಕೇಳಿದರೆ ಬಂದರಿನ ಕಡೆಗೆ ಕೈ ತೋರಿಸುತ್ತಾರೆ. ಹಡಗು ನಿಂತಿರುವ ಆ ನೀರು ಕಡಲಿನ ಪಾಲಿನದಲ್ಲ. ನೆಲವನ್ನು ಅಗೆದು, ಆಮೇಲೆ ಕಡಲನ್ನು ಒಳಗೆ ಕರೆದದ್ದು.

ಅಗೆಯುವ ಮೊದಲು ಅಲ್ಲಿ ಏನಿತ್ತು?

ಹೆಸರುಗಳಿಂದಲೇ ಶುರು ಮಾಡಬಹುದು. ಪಣಂಬೂರಿನ ತೆಂಕು ದಿಕ್ಕಿಗೆ ತಣ್ಣೀರುಬಾವಿ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಗುರುಪುರ ಹೊಳೆ, ಅಂದರೆ ಫಲ್ಗುಣಿ. ನಡುವಿನ ಹೊಯಿಗೆಯ ಪಟ್ಟಿಗೆ ಯಾರೋ ತಣ್ಣೀರಿನ ಬಾವಿ ಎಂದು ಹೆಸರಿಟ್ಟರು. ಕಡಲ ಕಿನಾರೆಯಲ್ಲಿ ಸಿಹಿನೀರು ಹೇಗೆ ಎಂದು ಘಟ್ಟದ ಮೇಲಿನವರು ಆಶ್ಚರ್ಯಪಡುತ್ತಾರೆ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಚೀಚೆ ಮಳೆ. ಆ ನೀರು ಹೊಯಿಗೆಯೊಳಕ್ಕೆ ಇಳಿಯುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅಡಿಯ ಉಪ್ಪುನೀರಿನ ಮೇಲೆ ಕೆನೆಯ ಹಾಗೆ ತೇಲಿಕೊಂಡು ನಿಲ್ಲುತ್ತದೆ. ಮೆಲ್ಲಗೆ ಎತ್ತಿದಷ್ಟು ದಿನ ಸಿಹಿ, ಆಸೆಬುರುಕತನದಿಂದ ಎಳೆದರೆ ಉಪ್ಪು. ಪಂಪಿಲ್ಲದ ಕಾಲದಲ್ಲಿ ಕೊಡಪಾನದಲ್ಲಿ ಎತ್ತುವವರಿಗೆ ಈ ಕಟ್ಟುಪಾಡು ಯಾರೂ ಹೇಳಿಕೊಡಬೇಕಿರಲಿಲ್ಲ, ರಟ್ಟೆಯೇ ಹೇಳುತ್ತಿತ್ತು.

ಬಡಗು ದಿಕ್ಕಿಗೆ ಹೊಸಬೆಟ್ಟು, ಮೇಲಕ್ಕೆ ಹೋದರೆ ಚೊಕ್ಕಬೆಟ್ಟು. ಈ ‘ಬೆಟ್ಟು’ ಬಯಲುಸೀಮೆಯವರ ಬೆಟ್ಟವಲ್ಲ. ತುಳುನಾಡಿನ ರೈತ ತನ್ನ ಇಳಿಜಾರಿನ ನೆಲವನ್ನು ಮೂರು ಮೆಟ್ಟಿಲಾಗಿ ಕಡಿದುಕೊಂಡಿದ್ದ. ತೀರಾ ತಗ್ಗಿನ, ತೋಡಿನ ಬದಿಯ ಗದ್ದೆ ಬೈಲು. ಅದಕ್ಕಿಂತ ಒಂದು ಹಂತ ಮೇಲಿನದು ಮಜಲು. ಅದಕ್ಕೂ ಮೇಲೆ, ಮಳೆನೀರನ್ನೇ ನಂಬಿದ್ದು ಬೆಟ್ಟು. ಬೈಲಿನಲ್ಲಿ ಏಣೇಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಮಳೆಗಾಲದ್ದೊಂದೇ. ಬೆಟ್ಟಿಗೂ ಮೇಲೆ ಏನೂ ಬೆಳೆಯದ ಮುರಕಲ್ಲಿನ ಬೋಳು ತಟ್ಟು, ಅದು ಪದವು. ದನ ಮೇಯುವುದಕ್ಕೆ, ಸೊಪ್ಪು ತರುವುದಕ್ಕೆ ಅಲ್ಲಿಗೆ ಹೋಗಬೇಕೇ ಹೊರತು ವಾಸಕ್ಕೆ ಹೋಗುವ ಜಾಗವಲ್ಲ. 1801ರಲ್ಲಿ ಕೆನರಾ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೈಲು, ಮಜಲು, ಬೆಟ್ಟುಗಳ ಈ ವಿಂಗಡಣೆಯನ್ನು ತನ್ನ ಪ್ರವಾಸ ಕಥನದಲ್ಲಿ ಬರೆದಿಟ್ಟ. ಆ ಪುಸ್ತಕ 1807ರಲ್ಲಿ ಅಚ್ಚಾಯಿತು. ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಲೋಕಕ್ಕೆ ಕೊಟ್ಟದ್ದೂ ಅದೇ ಪುಸ್ತಕ. ನಮ್ಮ ಕಾಲಡಿಯ ಕಲ್ಲಿಗೆ ಲ್ಯಾಟಿನ್ ಹೆಸರು ಸಿಕ್ಕಿತು. ಅದರ ಮೇಲೆ ಬದುಕುವುದು ಹೇಗೆಂಬ ಪ್ರಶ್ನೆ ಪಣಂಬೂರಿನವರಿಗೆ ಬರಲು ಇನ್ನೂ ನೂರೈವತ್ತು ವರ್ಷ ಬಾಕಿ ಇತ್ತು.

ತರಕಾರಿಯ ಕಥೆ ಸುಗ್ಗಿ ಬೆಳೆ ಕೊಯ್ದ ಮೇಲೆ. ಪೈರು ಹೋದ ಗದ್ದೆಯಲ್ಲಿ ತೇವ ಇನ್ನೂ ಉಳಿದಿರುತ್ತದೆ. ಮೂರನೇ ಭತ್ತಕ್ಕೆ ನೀರು ಸಾಲದು ಎನ್ನುವ ಗದ್ದೆಗಳಲ್ಲಿ ಸೌತೆ, ಕುಂಬಳ, ಹೀರೆ, ಅಲಸಂಡೆ, ಬೆಂಡೆ, ಹರಿವೆ. ಹೊಯಿಗೆ ಹೆಚ್ಚಿದ್ದಲ್ಲಿ ಬಚ್ಚಂಗಾಯಿ, ಅಂದರೆ ಘಟ್ಟದ ಮೇಲಿನವರ ಕಲ್ಲಂಗಡಿ. ಗದ್ದೆಯ ಮೂಲೆಯಲ್ಲಿ ಒಂದು ಹೊಂಡ. ಮುಂಜಾನೆ ಎರಡು ಕೈಗೆ ಎರಡು ಕೊಡಪಾನ, ಹೊಂಡಕ್ಕೆ ಇಳಿದು ಹತ್ತಿ, ಬುಡ ಬುಡಕ್ಕೆ ನೀರು. ಸಾಯಂಕಾಲ ಮತ್ತೆ ಅದೇ. ನೀರು ತುಸು ದೂರವಾದರೆ ಏತ. ಗೊಬ್ಬರಕ್ಕೆ ಹಟ್ಟಿಯ ಸೆಗಣಿ, ಒಲೆಯ ಬೂದಿ, ತರಗೆಲೆಯ ಜೊತೆ ಮಣ್ಣನ್ನೂ ಸುಟ್ಟು ಮಾಡಿದ ಸುಡುಮಣ್ಣು. ಬೂತಾಯಿ ಮೀನು ವಿಪರೀತ ಸಿಕ್ಕಿದ ವರ್ಷ, ತಿಂದು, ಒಣಗಿಸಿ, ಮಾರಿ ಮಿಕ್ಕಿದ್ದು ತೆಂಗಿನ ಬುಡಕ್ಕೆ ಮತ್ತು ತರಕಾರಿಯ ಪಾತಿಗೆ. ಮೊಗವೀರರ ಬಲೆ ತುಂಬಿದರೆ ಒಕ್ಕಲಿನವರ ಬಳ್ಳಿಯೂ ಚಿಗುರುತ್ತಿತ್ತು. ವಾಸನೆಯ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರ ಅಂಗಳದಲ್ಲೂ ಅದೇ ವಾಸನೆ ಇದ್ದಾಗ ಯಾರು ಯಾರನ್ನು ಹೇಳುವುದು?

ಈ ಎಲ್ಲದರಲ್ಲಿ ರಾಣಿ ಸೌತೆಕಾಯಿ. ಪೇಟೆಯವರು ಮಂಗಳೂರು ಸೌತೆ, ಸಾಂಬಾರ್ ಸೌತೆ ಎನ್ನುವ, ತುಳುವಿನಲ್ಲಿ ತೆಕ್ಕರೆ ಎನ್ನುವ ಹಳದಿ ಹಸುರು ಪಟ್ಟೆಯ ಕಾಯಿ. ಪಗ್ಗು ತಿಂಗಳ ಬಿಸುವಿನ ದಿನ ಬೆಳಗ್ಗೆ ಕಣ್ಣು ಬಿಟ್ಟಾಗ ಮೊದಲು ಕಾಣಬೇಕಾದ ಕಣಿಯಲ್ಲಿ ಅದಕ್ಕೇ ನಡುವಿನ ಜಾಗ. ಕಣಿಗೆ ಇಟ್ಟದ್ದು ಕೊಂಡು ತಂದದ್ದಾಗಿರಬಾರದು, ತನ್ನ ನೆಲದಲ್ಲಿ ಬೆಳೆದದ್ದಾಗಿರಬೇಕು ಎಂಬುದು ಮನೆಯ ಮರ್ಯಾದೆಯ ಪ್ರಶ್ನೆ. ಆಮೇಲೆ ಉಳಿದ ಕಾಯಿಗಳನ್ನು ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟಿ ಮಾಡಿನ ಪಕ್ಕಾಸಿಗೆ ತೂಗುಹಾಕುತ್ತಿದ್ದರು. ಒಂದಕ್ಕೊಂದು ತಾಗಬಾರದು, ತಾಗಿದಲ್ಲಿ ಕೊಳೆಯುತ್ತದೆ. ಅಡುಗೆಕೋಣೆಯ ಹೊಗೆ ಮೆಲ್ಲಗೆ ತಟ್ಟುತ್ತಿರಬೇಕು. ಹಾಗೆ ಇಟ್ಟರೆ ಆಟಿಯವರೆಗೆ ಕೆಡುವುದಿಲ್ಲ. ಆಟಿಯೆಂದರೆ ಕಡಲಿಗೆ ಇಳಿಯುವಂತಿಲ್ಲ, ಗದ್ದೆಯಲ್ಲಿ ಕೂಲಿಯಿಲ್ಲ, ಕಲಸೆಯಲ್ಲಿ ಅಕ್ಕಿ ತಳ ಕಂಡ ತಿಂಗಳು. ಆಗ ಮನೆಯ ಹೆಂಗಸು ಮಾಡಿನ ಕಡೆ ನೋಡಿ ಲೆಕ್ಕ ಹಾಕುವಳು: ಇನ್ನು ಎಷ್ಟು ತೂಗುತ್ತಿವೆ, ಮಳೆ ಬಿಡಲು ಇನ್ನು ಎಷ್ಟು ದಿನ.

ಬೀಜ ಉಳಿಸುವ ಕ್ರಮ ಇನ್ನೂ ಚೆಂದ. ಚೆನ್ನಾಗಿ ಬಲಿತ ಒಂದು ಕಾಯಿಯ ಬೀಜ ತೊಳೆದು, ಬೂದಿ ಸೆಗಣಿಯಲ್ಲಿ ಕಲಸಿ, ರೊಟ್ಟಿ ತಟ್ಟಿದಂತೆ ಮಣ್ಣಿನ ಗೋಡೆಗೆ ತಟ್ಟಿಬಿಡುವುದು. ಇಲಿಗೂ ಹುಳಕ್ಕೂ ಅದು ಬೇಡ. ಮುಂದಿನ ವರ್ಷ ಬೇಕಾದಾಗ ಗೋಡೆ ಕೆತ್ತಿದರೆ ಬೀಜ. ಬ್ಯಾಂಕಿನಲ್ಲಿ ಖಾತೆ ಇಲ್ಲದವರ ಮನೆಯಲ್ಲಿ ಗೋಡೆಯೇ ಪಾಸ್‌ಬುಕ್ಕು.

ಇಷ್ಟು ಹೇಳಿದ ಮೇಲೆ ಒಂದು ಮಾತು ಸೇರಿಸದಿದ್ದರೆ ನಾನು ಸುಳ್ಳು ಬರೆದಂತಾಗುತ್ತದೆ. ಆ ಗದ್ದೆಗಳಲ್ಲಿ ಬಗ್ಗಿದವರಲ್ಲಿ ಬಹುಪಾಲು ಜನರಿಗೆ ಗದ್ದೆ ಸ್ವಂತದ್ದಲ್ಲ. ದಕ್ಷಿಣ ಕನ್ನಡದಲ್ಲಿ ಗೇಣಿ ಎರಡು ಬಗೆ: ಮೂಲಗೇಣಿ ಮತ್ತು ಚಾಲಗೇಣಿ. ಮೂಲಗೇಣಿಯವನಿಗೆ ತಲೆಮಾರಿನ ಹಕ್ಕು. ಚಾಲಗೇಣಿಯವನದು ಧನಿಗಳ ಮರ್ಜಿ. ಬಿಡು ಎಂದರೆ ಬಿಡಬೇಕು. ಗದ್ದೆಯ ಗಾತ್ರವನ್ನು ಎಕರೆಯಲ್ಲಿ ಹೇಳುತ್ತಿರಲಿಲ್ಲ, ‘ಹತ್ತು ಮುಡಿ ಗೇಣಿಯ ಗದ್ದೆ’ ಎನ್ನುತ್ತಿದ್ದರು. ನಲುವತ್ತೆರಡು ಸೇರಿನ ಒಂದು ಮುಡಿ, ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಉರುಟು ಅಕ್ಕಿಮುಡಿ. ಅಂದರೆ ನೆಲದ ಅಳತೆಯೇ ಧನಿಗಳಿಗೆ ಎಷ್ಟು ಹೊರಬೇಕು ಎಂಬುದರ ಅಳತೆ. ಭತ್ತ ಹೋಗಿ ಮಿಕ್ಕಿದ್ದರಲ್ಲಿ ಸಂಸಾರ. ತರಕಾರಿಯಲ್ಲಿ ಅಷ್ಟೊಂದು ಅಕ್ಕರೆ ಯಾಕೆಂದರೆ ಅದು ಮುಡಿಯ ಲೆಕ್ಕಕ್ಕೆ ಸುಲಭವಾಗಿ ಸಿಗದ ಬೆಳೆ. ಸೌತೆಕಾಯಿಯನ್ನು ಮುಡಿ ಕಟ್ಟಲಾಗುವುದಿಲ್ಲ.

ಈಗ ಬಂದರು. ಮಂಗಳೂರಿನ ಹಳೆಯ ಬಂದರು ನೇತ್ರಾವತಿಯೂ ಫಲ್ಗುಣಿಯೂ ಕಡಲು ಸೇರುವ ಅಳಿವೆಯ ಒಳಗಿತ್ತು. ಹೊಳೆ ತಂದ ಹೂಳು, ಕಡಲು ತಂದ ಹೊಯಿಗೆ ಎರಡೂ ಅಳಿವೆಯ ಬಾಯಲ್ಲಿ ಕೂರುತ್ತಿದ್ದವು. ದೊಡ್ಡ ಹಡಗು ದೂರದಲ್ಲಿ ಲಂಗರು ಹಾಕಿ ನಿಲ್ಲಬೇಕು, ಮಂಜಿಗಳಲ್ಲಿ ಸರಕು ಹೋಗಬೇಕು; ಮಳೆಗಾಲದಲ್ಲಿ ಎಲ್ಲ ಬಂದ್. ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು ಜಿಲ್ಲೆಗೆ ವಿಮಾನ ನಿಲ್ದಾಣ, ಸುರತ್ಕಲ್ಲಿಗೆ 1960ರಲ್ಲಿ ಇಂಜಿನಿಯರಿಂಗ್ ಕಾಲೇಜು ತಂದವರು. ಸರ್ವಋತು ಬಂದರಿಗಾಗಿಯೂ ದಿಲ್ಲಿಯಲ್ಲಿ ಪಟ್ಟು ಹಿಡಿದರು. ಹೊಳೆಯ ಸಹವಾಸವೇ ಬೇಡ, ಹತ್ತು ಕಿಲೋಮೀಟರು ಬಡಗಿಗೆ ಹೋಗಿ ಪಣಂಬೂರಿನಲ್ಲಿ ನೆಲ ಅಗೆದು ಬಂದರು ಮಾಡುವುದೆಂದು ತೀರ್ಮಾನವಾಯಿತು. 1962ರಲ್ಲಿ ಕೆಲಸ ಶುರು. 1965ರ ಡಿಸೆಂಬರಿನಲ್ಲಿ ಮಲ್ಯರು ತೀರಿಕೊಂಡರು. ಅವರು ಕನಸಿದ ಹಡಗನ್ನು ಅವರು ನೋಡಲಿಲ್ಲ.

ಈ ಜಿಲ್ಲೆಯಲ್ಲಿ ಮಲ್ಯರ ಬಗ್ಗೆ ಹಗುರವಾಗಿ ಮಾತಾಡುವವರು ಯಾರೂ ಇಲ್ಲ, ನಾನೂ ಇಲ್ಲ. ಬಂದರು ಇಲ್ಲದಿದ್ದರೆ ಇವತ್ತಿನ ಮಂಗಳೂರು ಇಲ್ಲ. ಆದರೆ ‘ಲಗೂನ್ ಬಂದರು’ ಎಂಬ ಇಂಜಿನಿಯರಿಂಗ್ ಪದವನ್ನು ಕನ್ನಡಕ್ಕೆ ಬಿಡಿಸಿದರೆ ‘ಬೈಲನ್ನು ಬೈಲಾಗಿ ಇರಗೊಡದ ಬಂದರು’ ಎಂದು ಆಗುತ್ತದೆ. ತಗ್ಗಿನ ಗದ್ದೆ ಅಗೆಯಲು ಸುಲಭ, ಕಡಲಿಗೆ ಹತ್ತಿರ. ಮೂರು ಬೆಳೆ ಕೊಡುತ್ತಿದ್ದ ಗುಣವೇ ಅದಕ್ಕೆ ಮುಳುವಾಯಿತು.

ಎರಡು ತಾರೀಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1974ರ ಮಾರ್ಚ್ 1ರಂದು ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿ ರದ್ದು, ಉಳುವವನೇ ಒಡೆಯ. ಅದೇ ವರ್ಷ ಮೇ 4ರಂದು ನವಮಂಗಳೂರು ಬಂದರು ದೇಶದ ಒಂಬತ್ತನೆಯ ಪ್ರಮುಖ ಬಂದರೆಂಬ ಪದವಿ ಪಡೆಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ಜಿಲ್ಲೆಯ ಉಳಿದೆಡೆಯ ಚಾಲಗೇಣಿಯವರು ಡಿಕ್ಲರೇಶನ್ ಕೊಟ್ಟು ಗದ್ದೆಯ ಒಡೆಯರಾಗಲು ತಾಲೂಕು ಕಚೇರಿಯ ಮೆಟ್ಟಿಲು ಹತ್ತುತ್ತಿದ್ದಾಗ, ಪಣಂಬೂರಿನವರಿಗೆ ಡಿಕ್ಲರೇಶನ್ ಕೊಡಲು ಗದ್ದೆಯೇ ಇರಲಿಲ್ಲ. ಒಂದು ಹನ್ನೆರಡು ವರ್ಷ ತಡೆದು ಬಂದರು ಬಂದಿದ್ದರೆ ಅವರು ಗೇಣಿದಾರರಾಗಿ ಅಲ್ಲ, ಒಡೆಯರಾಗಿ ಎದ್ದು ಹೋಗುತ್ತಿದ್ದರು. ಇದನ್ನು ಅನ್ಯಾಯ ಎನ್ನಬೇಕೋ, ಪಂಚಾಂಗದ ದೋಷ ಎನ್ನಬೇಕೋ. ನನಗಂತೂ ಈ ಊರಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಕಾಣುವುದಿಲ್ಲ.

ಬಂದರಿಗೆ ಪದವಿ ಸಿಕ್ಕಿತು, ಎದ್ದವರಿಗೆ ಪದವು ಸಿಕ್ಕಿತು. ಪಣಂಬೂರು, ಬೈಕಂಪಾಡಿ ಸುತ್ತಿನಿಂದ ಎಬ್ಬಿಸಿದವರಿಗೆ ಸರಕಾರ ಜಾಗ ಕೊಟ್ಟದ್ದು ಮುಖ್ಯವಾಗಿ ಸುರತ್ಕಲ್ಲಿನ ಮೂಡಣಕ್ಕೆ, ಕಾಟಿಪಳ್ಳ ಕೃಷ್ಣಾಪುರದ ಎತ್ತರದಲ್ಲಿ. ಹೆಸರನ್ನು ಬಿಡಿಸಿ ನೋಡಿ: ಕಾಟಿ ಎಂದರೆ ಕಾಡುಕೋಣ, ಪಳ್ಳ ಎಂದರೆ ನೀರಿನ ಹೊಂಡ. ಈಗ ಅಲ್ಲಿ ಅರ್ಧಗಂಟೆಗೆ ನಾಲ್ಕು ಬಸ್ಸು. ಆಗ ಸುರತ್ಕಲ್ಲಿಗೆ ನಡೆದೇ ಇಳಿಯಬೇಕು, ನಡೆದೇ ಹತ್ತಬೇಕು. ಊರಿಗೆ ಹೆಸರಿಡುವ ವ್ಯವಧಾನವೂ ಇರಲಿಲ್ಲ ಎಂದು ತೋರುತ್ತದೆ, ನಂಬರು ಹಾಕಿದರು. ಕಾಟಿಪಳ್ಳ 3ನೇ ಬ್ಲಾಕ್, ಕೃಷ್ಣಾಪುರ 7ನೇ ಬ್ಲಾಕ್. ಇವತ್ತಿಗೂ ಬಸ್ಸಿನ ಬೋರ್ಡಿನಲ್ಲಿ, ಮದುವೆ ಕಾಗದದಲ್ಲಿ ಬ್ಲಾಕೇ. ಮುಡಿಯ ಲೆಕ್ಕದ ಗದ್ದೆಯಲ್ಲಿದ್ದವರು ಸೆಂಟ್ಸಿನ ಲೆಕ್ಕದ ಜಾಗಕ್ಕೆ ಬಂದರು.

ಕೃಷ್ಣಾಪುರದ ಕಡೆಯ ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರ ಜೊತೆ ನಾನು ಒಂದು ಮಧ್ಯಾಹ್ನ ಕೂತಿದ್ದೆ. ಮದುವೆಯಾಗಿ ಎರಡು ವರ್ಷಕ್ಕೆ ಪದವು ಹತ್ತಿದವರು. ಮಾತು ತುಳುವಿನಲ್ಲಿ, ನಾನು ಕನ್ನಡ ಮಾಡುತ್ತಿದ್ದೇನೆ. “ಮಗಾ, ಅಲ್ಲಿ ಮೊಣಕಾಲುದ್ದ ಅಗೆದರೆ ನೀರು. ಇಲ್ಲಿ ಮೊಣಕಾಲುದ್ದ ಅಗೆಯಲಿಕ್ಕೆ ಮೂರು ದಿನ” ಎಂದರು. ಪಿಕ್ಕಾಸು ಹೊಡೆದರೆ ಕಿಡಿ ಬರುವ ಮುರಕಲ್ಲು. ಬಾವಿ ತೋಡಿದರೆ ಕೋಲು ಕೋಲು ಇಳಿದರೂ ಕೆಂಪು ಧೂಳು. ಬಾವಿ ಇದ್ದವರ ಮನೆಗೆ ಹೆಂಗಸರು ಸಾಲು. ಕೊಡಪಾನಗಳು ಹಳೆಯವೇ, ಹಗ್ಗ ಮಾತ್ರ ಉದ್ದವಾಯಿತು.

ಮೊದಲ ಮಳೆಗಾಲದಲ್ಲೇ ಗೊತ್ತಾಯಿತಂತೆ, ಇಲ್ಲಿ ಬೆಳೆಯಬೇಕಾದರೆ ಮೊದಲು ಮಣ್ಣನ್ನು ಬೆಳೆಯಬೇಕು ಎಂದು. ಪದವಿನ ಮೇಲೆ ಬಿದ್ದ ಮಳೆ ನಿಲ್ಲುವುದಿಲ್ಲ. ಇದ್ದ ಬೊಗಸೆ ಮಣ್ಣನ್ನೂ ಹೊತ್ತುಕೊಂಡು ಇಳಿಜಾರಿನಲ್ಲಿ ಓಡುತ್ತದೆ. ಮನೆ ಕಟ್ಟಲು ಕಲ್ಲು ಎಬ್ಬಿಸುವಾಗ ಮಿಕ್ಕಿದ ಕಾಟುಕಲ್ಲುಗಳನ್ನು ಅಡ್ಡ ಸಾಲಾಗಿ ಜೋಡಿಸಿ ಮೊಣಕಾಲೆತ್ತರದ ಪಾಗಾರ. ಹರಿದು ಬಂದ ಮಣ್ಣು ಅದರ ಹಿಂದೆ ತಡೆದು ನಿಲ್ಲಬೇಕು. ಅದಕ್ಕೆ ತರಗೆಲೆ, ಬೂದಿ, ಸುಡುಮಣ್ಣು, ತಗ್ಗಿನಿಂದ ತಲೆಹೊರೆಯಲ್ಲಿ ತಂದ ಮಣ್ಣು. ಅದರ ಕೆಳಗೆ ಇನ್ನೊಂದು ಸಾಲು. ಎರಡು ಮೂರು ವರ್ಷಕ್ಕೆ ಚಾಪೆಯಗಲದ ಮೆಟ್ಟಿಲುಗಳು. ಬೈಲು, ಮಜಲು, ಬೆಟ್ಟು ಎಂಬ ಹಳೆಯ ಏಣಿ ಎಲ್ಲಿ ಮುಗಿದಿತ್ತೋ ಅಲ್ಲಿಂದ ಮೇಲಕ್ಕೆ ಇವರು ಒಂದು ಗೇಣು ಏಣಿ ಕಟ್ಟಿಕೊಂಡರು. ತೆಂಗಿನ ಗುಂಡಿಗೆ ಇನ್ನೊಂದು ಉಪಾಯ: ಗುಂಡಿ ತೋಡಿ ತಳಕ್ಕೆ ಕಲ್ಲುಪ್ಪು ಸುರಿದು ಒಂದು ಮಳೆಗಾಲ ಬಿಡುವುದು. ಉಪ್ಪು ಮುರಕಲ್ಲನ್ನು ಮೆದು ಮಾಡುತ್ತದೆ. ಇದನ್ನು ಕೃಷಿ ವಿಜ್ಞಾನಿಗಳೂ ಹೇಳುತ್ತಾರೆ. ಕಡಲಬದಿಯಿಂದ ಎದ್ದು ಬಂದವರು ಗುಡ್ಡೆಯ ಮೇಲೆ ಉಪ್ಪು ಬಿತ್ತಿ ತೆಂಗು ಬೆಳೆದರು.

ಬೆಳೆಯ ಕಾಲವೂ ತಲೆಕೆಳಗಾಯಿತು. ಕೆಳಗೆ ತರಕಾರಿ ಎಂದರೆ ಸುಗ್ಗಿಯ ಮೇಲಿನ ಒಣ ತಿಂಗಳುಗಳು. ಮೇಲೆ ಆ ತಿಂಗಳುಗಳಲ್ಲಿ ಕುಡಿಯಲೇ ನೀರಿಲ್ಲ. ಹಾಗಾಗಿ ಪತ್ತನಾಜೆ ಕಳೆದು ಒಂದೆರಡು ಮಳೆ ಬಿದ್ದ ಮೇಲೆ ಬೀಜ. ಸೌತೆ, ಹೀರೆ, ಬೆಂಡೆ ಆಟಿಯ ಮಳೆಯಲ್ಲಿ ನೆನೆಯುತ್ತಾ ಬೆಳೆದು ಸೋಣದ ಹೊತ್ತಿಗೆ ಕೈಗೆ ಬರುತ್ತಿದ್ದವು. ಬಿಸು ಕಣಿಗೆ? “ಬಿಸುವಿಗೆ ನನ್ನ ತವರಿನಿಂದ ಬರುತ್ತಿತ್ತು” ಎಂದರು ಅಜ್ಜಿ. ಆಮೇಲೆ ಸ್ವಲ್ಪ ತಡೆದು, “ಕೊಂಡು ತರಲಿಲ್ಲ” ಎಂದು ಸೇರಿಸಿದರು.

ಈ ಕೆಲಸದ ಕಷ್ಟ ಎಂಥದ್ದೆಂದು ಹೊರಗಿನವರಿಗೆ ತಿಳಿಯಲು ಇದೇ ಜಿಲ್ಲೆಯ ಇನ್ನೊಂದು ಗುಡ್ಡೆ ಸಾಕು. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದು, ಹಲವು ಸುರಂಗ ಸೋತ ಮೇಲೆ ನೀರು ಕಂಡು, ಇಳಿಜಾರನ್ನು ಕಡಿದು ಮೆಟ್ಟಿಲು ಮಾಡಿ 2 ಎಕರೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬ್ಲಾಕುಗಳಲ್ಲಿ ಮೆಟ್ಟಿಲು ಕಟ್ಟಿದವರಿಗೆ ಅಷ್ಟು ಜಾಗವೂ ಇರಲಿಲ್ಲ, ಪೂರ್ತಿ ರೈತರಾಗಿ ಉಳಿಯುವ ಆಸೆಯೂ ಇರಲಿಲ್ಲ. ಗಂಡಸರು ಬಂದರಿನ ಕೆಲಸ, ಲಾರಿ, ಮೀನು, ಆಮೇಲೆ ಗಲ್ಫ್ ಎಂದು ಹೋದರು. ಮೆಟ್ಟಿಲ ತರಕಾರಿ ಹೆಂಗಸರ ಪಾಲಾಯಿತು. ಅದರ ಲೆಕ್ಕ ಯಾವ ಕಡತದಲ್ಲೂ ಬರೆಯಲಿಲ್ಲ.

ಕೆಳಗೆ ಏನಾಯಿತು ಎಂಬುದನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಎಲ್ಲ ಪುಸ್ತಕಗಳಲ್ಲೂ ಇದೆ. 1976ರಲ್ಲಿ ಮಂಗಳೂರು ಕೆಮಿಕಲ್ಸ್ ಎಂಡ್ ಫರ್ಟಿಲೈಸರ್ಸ್ ಯೂರಿಯಾ ತಯಾರಿಸಲು ಶುರುಮಾಡಿತು. ಬೂತಾಯಿ, ಬೂದಿ, ಸುಡುಮಣ್ಣಿನ ಊರಿನಲ್ಲಿ ನಾಡಿಗೆಲ್ಲ ಸಾಕಾಗುವ ಗೊಬ್ಬರದ ಕಾರ್ಖಾನೆ, ಆದರೆ ಗೊಬ್ಬರ ಹಾಕಲು ಊರಿನವರಿಗೆ ಪಾತಿ ಇಲ್ಲ. ಇಂಥ ವ್ಯಂಗ್ಯವನ್ನು ಕಥೆಯಲ್ಲಿ ಬರೆದರೆ ಸಂಪಾದಕರು ಹೊಡೆದುಹಾಕುತ್ತಾರೆ. ಅದೇ 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪೆನಿ ಹುಟ್ಟಿತು. ಪಶ್ಚಿಮಘಟ್ಟದ ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಇಳಿಸಿದರು. ಅಂಬಲಿಯ ಹಾಗೆ ಕರಗಿದ ಬೆಟ್ಟ ಇಲ್ಲಿ ಬಂದು, ಒಣಗಿ, ಹಡಗು ಹತ್ತಿ ವಿದೇಶಕ್ಕೆ ಹೋಯಿತು. 1987ರಲ್ಲಿ ಉಂಡೆ ಕಟ್ಟುವ ಪೆಲೆಟ್ ಘಟಕವೂ ಬಂತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಕಾಲು ಶತಮಾನ ಘಟ್ಟ ಕಡಲಿಗೆ ಇಳಿಯುತ್ತಾ ಇತ್ತು, ಕಡಲಿನವರು ಆಗಲೇ ಗುಡ್ಡೆ ಹತ್ತಿ ಕೂತಿದ್ದರು.

ಎಬ್ಬಿಸುವ ಕೆಲಸ ಪಣಂಬೂರಿನಲ್ಲಿ ಮುಗಿಯಲೂ ಇಲ್ಲ. ಎಂಆರ್‌ಪಿಎಲ್ ತೈಲಾಗಾರಕ್ಕಾಗಿ ಕುತ್ತೆತ್ತೂರಿನ ಕಡೆಯ ಬೈಲುಗಳು ಹೋದವು, ಅಲ್ಲಿಯವರು ಚೇಳಾರು ಕಾಲೊನಿಗೆ ಹೋದರು. ಆಮೇಲೆ ವಿಶೇಷ ಆರ್ಥಿಕ ವಲಯದ ಹೆಸರಿನಲ್ಲಿ ಬಜಪೆ, ಕಳವಾರು, ಪೆರ್ಮುದೆ. ಆದರೆ ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು. ಈ ಸಲ ಗದ್ದೆಯಲ್ಲಿದ್ದವರ ಕೈಯಲ್ಲಿ ಆರ್‌ಟಿಸಿ ಇತ್ತು. ಅವರು ಧರಣಿ ಕೂತರು, ಕೋರ್ಟಿಗೆ ಹೋದರು, ಎರಡನೇ ಹಂತದ ಭೂಸ್ವಾಧೀನವನ್ನು 2011ರಲ್ಲಿ ಸರಕಾರ ಕೈಬಿಡಬೇಕಾಯಿತು. ಪಣಂಬೂರಿನವರು 1962ರಲ್ಲಿ ಯಾಕೆ ಸುಮ್ಮನೆ ಎದ್ದು ಹೋದರು ಎಂದು ಕೇಳುವ ಹುಡುಗರಿಗೆ ನಾನು ಆ ಮಾರ್ಚ್ 1ರ ತಾರೀಕನ್ನು ತೋರಿಸುತ್ತೇನೆ.

ಸುರತ್ಕಲ್ಲಿನ ಮಾರುಕಟ್ಟೆಗೆ ಒಮ್ಮೆ ಹೋಗಿ ಬನ್ನಿ. ತರಕಾರಿ ಎರಡು ಜಾತಿ. ಒಂದು ಘಟ್ಟದ್ದು: ಹಾಸನ, ಚಿಕ್ಕಮಗಳೂರು ಕಡೆಯಿಂದ ರಾತ್ರಿ ಲಾರಿಯಲ್ಲಿ ಇಳಿದು ಬಂದದ್ದು, ಒಂದೇ ಅಳತೆ, ಒಂದೇ ಮಿರುಗು. ಇನ್ನೊಂದು ಊರಿನದ್ದು: ಗೋಣಿಯ ಮೇಲೆ ಹತ್ತಿಪ್ಪತ್ತು ಬೆಂಡೆ, ನಾಲ್ಕು ಕಟ್ಟು ಹರಿವೆ, ಬಸಳೆಯ ಒಂದು ಸುರುಳಿ, ಹಿಂದೆ ಕಾಲು ಚಾಚಿ ಕೂತ ಹೆಂಗಸು. ‘ಊರ ಬೆಂಡೆಯಾ?’ ಎಂದು ಕೇಳಿ, ಹೌದೆಂದರೆ ಚೌಕಾಸಿ ಮಾಡದೆ ಹೆಚ್ಚು ಕೊಟ್ಟು ಒಯ್ಯುವವರು ಬಹಳ. ‘ಊರ’ ಎಂಬ ಎರಡಕ್ಷರಕ್ಕೆ ಇಲ್ಲಿ ರೇಟು ಉಂಟು. ಯಾವ ಊರು ಎಂದು ಯಾರೂ ಕೇಳುವುದಿಲ್ಲ.

ಅಜ್ಜಿಯ ಮನೆಯ ಮೆಟ್ಟಿಲುಗಳು ಈಗ ಮೂರೇ ಉಳಿದಿವೆ. ಮಗ ಮನೆ ಮುರಿದು ಸ್ಲ್ಯಾಬಿನ ಮನೆ ಕಟ್ಟಿಸುವಾಗ ಉಳಿದದ್ದರ ಮೇಲೆ ಕಾರು ನಿಲ್ಲಿಸುವ ಶೆಡ್ ಬಂತು. ಸೊಸೆ ಟೆರೇಸಿನ ಮೇಲೆ ಚೀಲಗಳಲ್ಲಿ ಬೆಂಡೆ, ತೊಂಡೆ, ಅಲಸಂಡೆ ಮಾಡಿದ್ದಾಳೆ. ಮೊಬೈಲಿನಲ್ಲಿ ತಾರಸಿ ತೋಟದ ಗುಂಪೊಂದಿದೆ, ದಿನಾ ಫೋಟೋ ಹಾಕುತ್ತಾರೆ. ಮೇಲೆ ಹತ್ತಿ ನಿಂತರೆ ತೆಂಕು ಪಡುವಣಕ್ಕೆ ಬಂದರಿನ ಕ್ರೇನುಗಳು ಕಾಣುತ್ತವೆ. ಅಜ್ಜಿಗೆ ಮೊಣಕಾಲು ನೋವು, ಟೆರೇಸು ಹತ್ತುವುದಿಲ್ಲ. ಕೆಳಗೆ ಅಡುಗೆಕೋಣೆಯ ಹಿಂದಿನ ಶೀಟಿನ ಮಾಡಿನಲ್ಲಿ ಪ್ಲಾಸ್ಟಿಕ್ ದಾರದಿಂದ ಕಟ್ಟಿದ ಏಳು ಸೌತೆಕಾಯಿ ತೂಗುತ್ತಿದ್ದವು, ಒಂದಕ್ಕೊಂದು ತಾಗದಂತೆ.

ಬೀಜ ಎಲ್ಲಿ ಇಡುತ್ತೀರಿ ಎಂದೆ. ಗೋಡೆಗೆ ಬಣ್ಣ ಹೊಡೆಸಿದ ಮೇಲೆ ಸೆಗಣಿ ತಟ್ಟಲು ಮಗ ಬಿಡುವುದಿಲ್ಲ ಎಂದು ನಕ್ಕು ಒಳಗಿನಿಂದ ಹಳೆಯ ಹಾರ್ಲಿಕ್ಸ್ ಬಾಟ್ಲಿ ತಂದರು. ಬೂದಿಯಲ್ಲಿ ಹುದುಗಿದ ಬೀಜ. ಪಣಂಬೂರಿನ ಮನೆ ಬಿಡುವಾಗ ಗೋಡೆಯ ಬೀಜ ಕೆತ್ತಿಕೊಂಡು ಸೆರಗಿನಲ್ಲಿ ಕಟ್ಟಿ ತಂದರಂತೆ, ಅದೇ ಬೀಜದ ಬೀಜದ ಬೀಜ. ಒಂದು ಚಿಟಿಕೆ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, “ನಿನ್ನಲ್ಲಿ ಮಣ್ಣುಂಟಾ ಮಗಾ?” ಎಂದರು.

“ಫ್ಲ್ಯಾಟು ಅಜ್ಜಿ. ಟೆರೇಸು ಉಂಟು.”

“ಹಾಗಾದರೆ ಚಟ್ಟಿಯ ಅಡಿಗೆ ತೂತು ಮಾಡು. ಬಳ್ಳಿ ಹಬ್ಬುವ ಮೊದಲು ಒಣ ಮಡಲು ಹಾಸು. ಇಲ್ಲದಿದ್ದರೆ ಸಿಮೆಂಟಿನ ಬಿಸಿಗೆ ಕಾಯಿ ನೆಲದಲ್ಲೇ ಬೇಯ್ತದೆ.”